ಐರ್ಲೆಂಡಿನ ಗೇಲಿಕ್ (ಐರಿಷ್ ಭಾಷೆಯ) ಊರಹೆಸರುಗಳೆಲ್ಲ ನಕ್ಷೆಯಲ್ಲೇ ಇವೆಯಲ್ವಾ, ಮತ್ತೆ ದಾಖಲಿಸುವುದು ಯಾಕೆ?

ನಕ್ಷೆಯಲ್ಲಿರುವುದು ಸ್ವಲ್ಪ ಮಾತ್ರ. 1824ರಲ್ಲಿ ಶುರುವಾದ, ನಕ್ಷೆ ತಯಾರಿಸುವ ಸರ್ಕಾರಿ ಕೆಲಸವಾದ ಆರ್ಡ್‌ನೆನ್ಸ್ ಸರ್ವೆಗೆ 1830ರಲ್ಲಿ ಸೇರಿದ ವಿದ್ವಾಂಸ ಜಾನ್ ಒ'ಡೊನೊವನ್ ಊರೂರು ಸುತ್ತಿ, ಐರಿಷ್ ಮಾತಾಡುವ ಹಿರಿಯರನ್ನು ಕೇಳಿ ಹೆಸರು ಬರೆದುಕೊಂಡರು. ಎಂಥ ದೊಡ್ಡ ಕೆಲಸ! ಆದರೆ ನಕ್ಷೆಗೆ ಹೋಗಿದ್ದು ಇಂಗ್ಲಿಷ್ ಕಾಗುಣಿತ. ಅದೂ ಹೆಚ್ಚಾಗಿ ನೆಲದ ಅತಿ ಚಿಕ್ಕ ವಿಭಾಗಗಳಾದ ಟೌನ್‌ಲ್ಯಾಂಡ್‌ಗಳದ್ದು. ಇಡೀ ದ್ವೀಪದಲ್ಲಿ ಅಂಥವು 60,000ಕ್ಕೂ ಜಾಸ್ತಿ. ಹೊಲ, ಬಂಡೆ, ಹೊಳೆಯ ಮಡುಗಳ ಹೆಸರು ಬಹುಪಾಲು ಜನರ ಬಾಯಲ್ಲೇ ಉಳಿದವು.

ಹಾಗಾಗಿ ಒಂದು ಪ್ಯಾರಿಷ್‌ನಲ್ಲಿ (ಒಂದು ಚರ್ಚಿಗೆ ಸೇರಿದ ಪ್ರದೇಶ) ಕೆಲಸ ಶುರುಮಾಡುವಾಗ ಹಳೆಯ ನಕ್ಷೆ ಹಿಡಿದು, ಆ ಹೊಲದವರ ಜೊತೆಗೇ ನಡೆಯಬೇಕು. ಮೊದಲು ಅವರ ಉಚ್ಚಾರಣೆ ರೆಕಾರ್ಡ್ ಮಾಡಿ, ಕಾಗುಣಿತ ಆಮೇಲೆ. ಯಾಕಂದ್ರೆ ಇಂಗ್ಲಿಷ್ ರೂಪ ನಂಬಿದರೆ ದಾರಿ ತಪ್ಪುತ್ತದೆ. 'ಬ್ಯಾಲಿ' ಅಂತ ಶುರುವಾಗುವ ಹೆಸರುಗಳಲ್ಲಿ ಬಹಳಷ್ಟರ ಮೂಲ ಐರಿಷ್‌ನ 'ಬಾಲ್ಯ' (baile), ಅಂದರೆ ಊರು. ಆದರೆ ಬ್ಯಾಲಿನಸ್ಲೋ ಎಂಬ ಊರಿನ ಹೆಸರಲ್ಲಿರುವುದು 'ಬೇಲ್ ಆಹ', ಹೊಳೆ ದಾಟುವ ಜಾಗ. ಸುಮ್ನೆ ಊಹಿಸದೆ ನೆಲವನ್ನೂ ನೋಡಿ: ಅಲ್ಲಿ ಹೊಳೆ ಇದೆಯಾ?

ಒಂದೇ ಬಾವಿಗೆ ಎರಡು ಮನೆಯವರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ಜಿಪಿಎಸ್ ಗುರುತು, ತಾರೀಕು, ಒಪ್ಪಿದರೆ ಹೇಳಿದವರ ಹೆಸರು, ಇಷ್ಟು ಜೊತೆಗಿರಲಿ.