ಹಳಿಯ ಸದ್ದಿನ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ರೈಲು ಬರುವ ಮೊದಲೇ ಹಳಿಗಳು ವಿಚಿತ್ರವಾಗಿ ಸದ್ದು ಮಾಡುವುದೇಕೆ ಎಂಬ ನಿಮ್ಮ ಲೇಖನವನ್ನು ಓದಿದೆ. ಭಾಷೆ ಹದವಾಗಿದೆ, ವಿಷಯವೂ ಚೆನ್ನಾಗಿದೆ; ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು, ಏಕೆಂದರೆ ನಿಮ್ಮ ಮುಖ್ಯ ವಿವರಣೆಯೇ ನಿಲ್ಲುವುದಿಲ್ಲ.

ಶಬ್ದವು ಗಾಳಿಗಿಂತ ಉಕ್ಕಿನಲ್ಲಿ ಸುಮಾರು ಹದಿನೈದು ಪಟ್ಟು ವೇಗವಾಗಿ ಸಾಗುವುದರಿಂದ ಹಳಿ ಮೊದಲು ಮಾತಾಡುತ್ತದೆ ಎಂದು ಬರೆದಿದ್ದೀರಿ. ಅಂಕಿ ಸರಿ, ತೀರ್ಮಾನ ತಪ್ಪು. ಗಂಟೆಗೆ 100 ಕಿ.ಮೀ. ವೇಗದ ರೈಲೊಂದು ಒಂದು ಕಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಅದು ನಮ್ಮನ್ನು ತಲುಪಲು 36 ಸೆಕೆಂಡು ಬೇಕು; ಅದರ ಸದ್ದಿಗೆ ಗಾಳಿಯಲ್ಲಿ ಸುಮಾರು 3 ಸೆಕೆಂಡು ಸಾಕು. ಅಂದರೆ ಗಾಳಿಯ ಸದ್ದು ಕೂಡ ರೈಲಿಗಿಂತ ಅರ್ಧ ನಿಮಿಷ ಮುಂಚೆಯೇ ಬಂದಿರುತ್ತದೆ, ಆದರೆ ಕೇಳಿಸದಷ್ಟು ಕ್ಷೀಣವಾಗಿ. ಗದ್ದೆಯಲ್ಲಿ ಹರಡಿದ ನೀರಿನಂತೆ ಅದು ಎಲ್ಲ ದಿಕ್ಕಿಗೂ ಹಂಚಿಹೋಗುತ್ತದೆ. ಹಳಿಯಲ್ಲಿನ ಕಂಪನವಾದರೋ ಕಾಲುವೆಯ ನೀರಿನಂತೆ ಒಂದೇ ದಾರಿಯಲ್ಲಿ ಸಾಗುತ್ತದೆ. ಇಲ್ಲಿ ಮುಖ್ಯವಾದುದು ವೇಗವಲ್ಲ, ಸದ್ದು ಎಷ್ಟು ದೂರ ಉಳಿಯುತ್ತದೆ ಎಂಬುದು.

ಕಂಪನ ಹುಟ್ಟುವುದೆಲ್ಲಿ ಎಂಬುದನ್ನು ನೀವು ಹೇಳಿಯೇ ಇಲ್ಲ. ಗಾಲಿಯ ಮೇಲೂ ಹಳಿಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳಿದ್ದು, ಅವು ಒಂದನ್ನೊಂದು ಒತ್ತಿ ಉರುಳುವಾಗ ಎರಡೂ ನಡುಗುತ್ತವೆ. ಈ ನಡುಕದ ಮಂದ್ರ (ತಗ್ಗು ದನಿಯ) ಭಾಗವನ್ನು ಹಳಿಯಡಿಯ ಅಡ್ಡ ತೊಲೆಗಳಾದ ಸ್ಲೀಪರುಗಳೂ ಜಲ್ಲಿಯೂ ಬೇಗ ನುಂಗಿಬಿಡುವುದರಿಂದ, ದೂರಕ್ಕೆ ದಾಟಿ ಬರುವುದು ತಾರ (ಏರು ದನಿಯ) ಭಾಗವೇ ಹೆಚ್ಚು. ಗಡಗಡ ಸದ್ದಿಗೆ ಮುಂಚೆ ಸಣ್ಣಗೆ ಸಿಳ್ಳೆಯಂಥ ದನಿ ಕೇಳುವುದು ಇದರಿಂದಲೇ. ಫಿಶ್‌ಪ್ಲೇಟ್ (ಹಳಿಯ ತುದಿಗಳನ್ನು ಕೂಡಿಸುವ ಉಕ್ಕಿನ ಪಟ್ಟಿ) ಹಾಕಿ ಜೋಡಿಸಿದ 13 ಮೀಟರ್ ಹಳಿಗಳಲ್ಲಿ ಪ್ರತಿ ಕೀಲಿನಲ್ಲೂ ಕಂಪನದ ಒಂದಂಶ ಹಿಂದಿರುಗುತ್ತದೆ, ಬೆಸುಗೆ ಹಾಕಿದ ಉದ್ದ ಹಳಿಗಳಲ್ಲಿ ಅಂಥ ತಡೆಯಿಲ್ಲ. ನಿಮ್ಮ ಓದುಗನಿಗೆ ಹೊಸದೆನಿಸಬಹುದಾದ ಸಂಗತಿ ಇದು; ಇದಕ್ಕೆ ಒಂದು ಪುಟವನ್ನಾದರೂ ಕೊಡಿ.

ಇನ್ನು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ತಿರುವುಗಳ ಕಿರುಚಾಟದ ವರ್ಣನೆ. ಸೊಗಸಾಗಿದೆ, ಆದರೆ ಇಲ್ಲಿಗೆ ಸಲ್ಲದು. ತಿರುವಿನಲ್ಲಿ ಗಾಲಿ ಅಡ್ಡಡ್ಡಲಾಗಿ ಹಿಡಿದು ಜಾರಿ, ಮತ್ತೆ ಹಿಡಿದು ಜಾರುವುದರಿಂದ ಆ ಸದ್ದು ಹುಟ್ಟುತ್ತದೆ ಮತ್ತು ಅದು ಬಹುಪಾಲು ಗಾಲಿಯಿಂದಲೇ ಹೊಮ್ಮುತ್ತದೆ. ಅದಕ್ಕೆ ಬೇರೊಂದು ಲೇಖನ ಬರೆಯಿರಿ.

ಕೊನೆಯದಾಗಿ, ‘ನೀವೂ ಹಳಿಗೆ ಕಿವಿಯಿಟ್ಟು ಕೇಳಿ’ ಎಂಬ ಆಹ್ವಾನವನ್ನು ತೆಗೆಯಲೇಬೇಕು. ಅನುಮತಿಯಿಲ್ಲದೆ ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಅದಕ್ಕಿಂತ ಮಿಗಿಲಾಗಿ, ಹಳಿ ಮೌನವಾಗಿದ್ದ ಮಾತ್ರಕ್ಕೆ ರೈಲು ಬರುತ್ತಿಲ್ಲ ಎಂದಾಗುವುದಿಲ್ಲ. ಪಕ್ಕದ ಹಳಿಯಲ್ಲಿ ಬರುವ ರೈಲಿನ ಸುಳಿವನ್ನು ಈ ಹಳಿ ಕೊಡಬೇಕೆಂದೇನೂ ಇಲ್ಲ. ಅದರ ಬದಲು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೇಳಬಹುದಾದುದನ್ನು ವಿವರಿಸಿ, ತಿದ್ದಿದ ಪ್ರತಿಯನ್ನು ಕಳುಹಿಸಿದರೆ ಮತ್ತೊಮ್ಮೆ ಓದುತ್ತೇನೆ.

ಇತಿ,
ಸಂಪಾದಕ