ಒಂದನೇ ಕ್ಲಾಸಿನ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸೋದು ಎಲ್ಲಿಂದ ಶುರು ಮಾಡಲಿ?

ಬೀದರಿನ ಶಾಲೆಯಲ್ಲಿ ವಾರಕ್ಕೆ ಎರಡು ಪೀರಿಯಡ್, ಕೈಯಲ್ಲಿ ಪುಸ್ತಕ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ನಾಲ್ಕು ವರ್ಷದಿಂದ ನನ್ನದೂ ಇದೇ ಕೆಲಸ. ಮೊದಲ ಎರಡು ತಿಂಗಳು ಬೋರ್ಡ್ ಮೇಲೆ ಏನೂ ಬರೆಯಬೇಡಿ ಮೇಡಂ.

ನಾನು ಬರೆದು ಕೆಟ್ಟೆ. ಕೆಂಪಿಗೆ ಸ್ಪ್ಯಾನಿಷಿನಲ್ಲಿ ರೊಖೊ. ಆದರೆ ಬರೆಯೋದು ಇಂಗ್ಲಿಷಿನ ಜೆ ಹಾಕಿ. ಮಕ್ಕಳು 'ರೋಜೋ' ಅಂತ ಓದಿದರು, ಅದನ್ನು ಬಿಡಿಸೋಕೆ ತಿಂಗಳು ಹಿಡಿಯಿತು. ಸ್ಪೇನಿನಲ್ಲಿ ಆ ಸದ್ದು ಗಂಟಲಿನಿಂದ ಬರುತ್ತದೆ, ಉರ್ದುವಿನ 'ಖ್ವಾಜಾ'ದ ಖ ಇದ್ದ ಹಾಗೆ. ಖ್ವಾಜಾ ಬಂದೇನವಾಜ್ ದರ್ಗಾ ಇರುವ ನಮ್ಮ ಊರಲ್ಲಿ ಇದೇನು ಕಷ್ಟ ಅಲ್ವಾ? ಉರ್ದು ಮಾತಾಡುವ ಮನೆಯ ಹುಡುಗಿಯೊಬ್ಬಳು ಸಲೀಸಾಗಿ ಹೇಳಿದಳು. ಅವಳನ್ನೇ ಮುಂದೆ ನಿಲ್ಲಿಸಿದೆ, ಉಳಿದವರು ಅವಳ ಹಿಂದೆ ಹೇಳಿದರು. ಬಾರದವರು ಸುಮ್ನೆ 'ರೊಹೊ' ಅನ್ನಲಿ, ಸ್ಪ್ಯಾನಿಷ್ ಮಾತಾಡುವ ಪೋರ್ಟೊರಿಕೊ ದ್ವೀಪದಲ್ಲಿ ಹಾಗೇ ಅನ್ನುತ್ತಾರೆ.

ಮೊದಲ ವಾರ ಬರೀ ಅಪ್ಪಣೆ. 'ಸಾಲ್ತೆನ್' ಅಂದರೆ ಜಿಗಿಯಿರಿ, 'ಕೊರ್ರಾನ್' ಅಂದರೆ ಓಡಿ. ಕನ್ನಡದಲ್ಲಿ ಅರ್ಥ ಹೇಳಬೇಡಿ, ನೀವೇ ಮೊದಲು ಜಿಗಿಯಿರಿ. (ಸೀರೆಯಲ್ಲಿ ಬೇಡ.) ಮಾತು ಬರುವ ಮೊದಲೇ ಕೂಸು 'ಬಾ' ಅಂದರೆ ಬರುತ್ತದಲ್ಲ, ಅದೇ ದಾರಿ. ಜೇಮ್ಸ್ ಆಶರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಇದನ್ನೇ ಒಂದು ಪದ್ಧತಿ ಮಾಡಿದ. ಮಾತಾಡು ಅಂತ ಒತ್ತಾಯ ಮಾಡಬೇಡಿ, ತಾವಾಗೇ ಒದರುತ್ತವೆ.

ಎಣಿಕೆಗೆ ತೊಗರಿಕಾಳು. ನಮ್ಮ ಕಡೆ ಅದಕ್ಕೇನು ಬರ? ಪೋರ್ಟೊರಿಕೊದವರಿಗೂ ತೊಗರಿ ಅಂದರೆ ಪ್ರಾಣ. ಅವರು ಅದನ್ನು 'ಗಂದುಲೆಸ್' ಅನ್ನುತ್ತಾರೆ, ಅನ್ನದ ಜೊತೆ ಬೇಯಿಸುತ್ತಾರೆ. ಇದನ್ನು ಹೇಳಿದ ದಿನ ಮಕ್ಕಳಿಗೆ ಆ ದ್ವೀಪ ಪಕ್ಕದ ಓಣಿಯಷ್ಟು ಹತ್ತಿರವಾಯಿತು. 'ಉನೊ, ದೋಸ್' ಅನ್ನುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಬ್ಬ "ಮಸಾಲಿ ದೋಸಿ ಏನ್ರಿ ಟೀಚರ್?" ಅಂದ. ಎಲ್ಲರೂ ನಕ್ಕರು. ಎರಡು ಅನ್ನೋ ಪದವನ್ನು ಮಾತ್ರ ಆ ಕ್ಲಾಸು ಇವತ್ತಿಗೂ ಮರೆತಿಲ್ಲ.

ಒಂದೇ ಎಚ್ಚರ. ಹೋದ ವರ್ಷ ಒಬ್ಬ ಕಾಳನ್ನು ಮೂಗಿಗೆ ತುರುಕಿಕೊಂಡ, ಡಾಕ್ಟರ್ ಹತ್ತಿರ ಓಡಬೇಕಾಯಿತು. ಈಗ ತಲೆಗೆ ಹತ್ತು ಕಾಳು ಕೊಡುತ್ತೇನೆ, ಹತ್ತನ್ನೂ ಸ್ಪ್ಯಾನಿಷಿನಲ್ಲೇ ಎಣಿಸಿ ವಾಪಸ್ ಕೊಡಬೇಕು. ಎಣಿಕೆ 'ನುಯೆವೆ'ಗೇ, ಅಂದರೆ ಒಂಬತ್ತಕ್ಕೇ ನಿಂತರೆ, ಮೊದಲು ಮೂಗು ನೋಡುತ್ತೇನೆ.