ಮೂರು ತಿಂಗಳು ಯಾರಿಗೂ ಹೇಳಬೇಡ ಅಂದಿದ್ದಾರಾ?

ತಂಗಿ, ಇಂಗ್ಲೆಂಡಿನ ಸ್ಲೌ ಊರಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಟೆಸ್ಟ್ ಪಾಸಿಟಿವ್ ಬಂದಿದೆ, ಯಾವ ಡಾಕ್ಟರ ಹತ್ತಿರ ಹೋಗಲಿ, ಸ್ಕ್ಯಾನ್ ಯಾವಾಗ, ಅಮ್ಮನನ್ನು ಯಾವಾಗ ಕರೆಸಿಕೊಳ್ಳಲಿ ಅಂತ ಕೇಳಿದ್ದೀಯ. ತುಂಬಾ ಸಂತೋಷ ಆಯ್ತು. ಒಳ್ಳೇದಾಗಲಿ.

ಇಲ್ಲಿ ನೇರವಾಗಿ ಲೇಡಿ ಡಾಕ್ಟರ ಹತ್ತಿರ ಹೋಗುವ ಪದ್ಧತಿ ಇಲ್ಲ. ಹತ್ತಿರದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ನಲ್ಲಿ ಹೆಸರು ಬರೆಸು. ಹೆರಿಗೆ ಆಸ್ಪತ್ರೆಯ ಫಾರ್ಮನ್ನು ಆನ್‌ಲೈನ್‌ನಲ್ಲಿ ನೀನೇ ತುಂಬಬಹುದು. ನಿನ್ನನ್ನು ನೋಡಿಕೊಳ್ಳುವವರು ಮಿಡ್‌ವೈಫ್, ಇದಕ್ಕೆಂದೇ ಓದಿದವರು. 10 ವಾರದೊಳಗೆ ಅವರನ್ನು ಒಮ್ಮೆ ನೋಡಿರಬೇಕು. ಮೊದಲ ಸ್ಕ್ಯಾನ್ 11ರಿಂದ 14 ವಾರದ ನಡುವೆ. ಊರಲ್ಲಾದರೆ ಇಷ್ಟು ಹೊತ್ತಿಗೆ ಎರಡು ಸ್ಕ್ಯಾನ್ ಆಗಿರುತ್ತಿತ್ತು, ಗಾಬರಿ ಬೇಡ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ದಿನಾ ತಗೋ, 12 ವಾರ ತುಂಬುವವರೆಗೆ. ಶುಗರ್ ಇದ್ದರೆ ಡೋಸ್ ಬೇರೆ, ಕೇಳು. ಬಸುರಿಯರಿಗೆ ಡಾಕ್ಟರು ಬರೆದುಕೊಡುವ ಔಷಧಿ ಇಲ್ಲಿ ಪುಕ್ಕಟೆ. ಅದಕ್ಕೊಂದು ಸರ್ಟಿಫಿಕೇಟ್ ಇದೆ, ಮಿಡ್‌ವೈಫ್ ಮಾಡಿಸಿಕೊಡುತ್ತಾರೆ.

ಅಮ್ಮನನ್ನು ಈಗಲೇ ಕರೆಸಬೇಡ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ 6 ತಿಂಗಳಷ್ಟೇ ಇರಬಹುದು. ಬಾಣಂತನಕ್ಕೆ ಅವರು ಬೇಕು. ತುಪ್ಪದ ಡಬ್ಬಿ ತರುವುದು ಬೇಡ ಅನ್ನು, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಇಲ್ಲೇ ಬೆಣ್ಣೆ ಕಾಯಿಸಿದರಾಯ್ತು, ನಮ್ಮಮ್ಮ ಹಾಗೇ ಮಾಡಿದ್ದು.

ನೀನು ಕೇಳದೇ ಇರುವುದೊಂದಿದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ ಅಂತ ಮನೆಯಲ್ಲಿ ಹೇಳಿರುತ್ತಾರೆ, ಅಲ್ವಾ? ನನಗೂ ಹೇಳಿದ್ದರು. ಊರಲ್ಲಿ ಅದು ನಡೆಯುತ್ತೆ. ತುಂಬಿದ ಮನೆ. ಒಗ್ಗರಣೆ ವಾಸನೆಗೆ ಸೆರಗು ಮೂಗಿಗೆ ಹಿಡಿದು ಎದ್ದು ಹೋದರೆ ಅತ್ತೆಗೂ ಗೊತ್ತು, ಓರಗಿತ್ತಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ, ಆದರೆ ಮಾರನೇ ದಿನದಿಂದ ನೀರಿನ ಕೊಡ ನಿನ್ನ ಕೈಗೆ ಬರುವುದಿಲ್ಲ. ಇಲ್ಲಿ ಮನೆಯಲ್ಲಿರುವುದೇ ಇಬ್ಬರು. ಗಂಡ ಕೆಲಸಕ್ಕೆ ಹೋದರೆ, ನೀನಾಗಿ ಹೇಳದ ಹೊರತು ಯಾವ ಜೀವಕ್ಕೂ ಗೊತ್ತಾಗುವುದಿಲ್ಲ.

ಒಂಬತ್ತನೇ ವಾರದಲ್ಲಿ ಒಂದು ರಾತ್ರಿ ನನಗೆ ರಕ್ತ ಕಾಣಿಸಿಕೊಂಡಿತು. ಇವರು ನೈಟ್ ಶಿಫ್ಟ್‌ನಲ್ಲಿದ್ದರು, ಫೋನ್ ಎತ್ತಲಿಲ್ಲ. ಹಾಸನಕ್ಕೆ ಫೋನ್ ಮಾಡಿದೆ. ‘ಪಕ್ಕದ ಮನೆಯವರನ್ನು ಎಬ್ಬಿಸೇ’ ಅಂತ ಅಮ್ಮ ಅಳುತ್ತಿದ್ದರು. ಪಕ್ಕದ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ. ಬಾತ್‌ರೂಮಿನ ತಣ್ಣನೆ ನೆಲದ ಮೇಲೆ ಬೆಳಗಾಗುವವರೆಗೆ ಕೂತಿದ್ದೆ. ಸ್ಕ್ಯಾನ್‌ನಲ್ಲಿ ಮಗು ಚೆನ್ನಾಗಿತ್ತು, ದೇವರ ದಯೆ. ಈಗ ಇಲ್ಲಿನ ಸ್ಕೂಲಲ್ಲಿ ಇಯರ್ ಫೈವ್‌ನಲ್ಲಿದ್ದಾನೆ. ಅಷ್ಟು ದೂರದಲ್ಲಿ ಕೂತು ಅಮ್ಮ ಪಟ್ಟ ಸಂಕಟ ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚುತ್ತೆ.

ಊರವರಿಗೆಲ್ಲ ಹೇಳು ಅನ್ನುತ್ತಿಲ್ಲ. ಕಾರು ಇರುವ, ಅಪರಾತ್ರಿಯಲ್ಲಿ ಬಾಗಿಲು ತಟ್ಟಿದರೂ ಬರುವ ಒಬ್ಬರಿಗೆ ಹೇಳು. ದೃಷ್ಟಿ ಆಗುತ್ತೆ ಅಂತ ಸುಮ್ನೆ ಹೆದರಬೇಡ. ರಕ್ತ ಕಂಡರೆ 111ಕ್ಕೆ, ಅಂದರೆ ಇಲ್ಲಿನ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡು. ತುಂಬಾ ಹೋಗುತ್ತಿದ್ದರೆ, ಹೊಟ್ಟೆನೋವು ಜಾಸ್ತಿ ಇದ್ದರೆ ಆಂಬ್ಯುಲೆನ್ಸ್‌ಗೆ 999. ನಾನು ಪಕ್ಕದ ಮೇಡನ್‌ಹೆಡ್‌ನಲ್ಲೇ ಇರುವುದು, ನಂಬರ್ ಕಳಿಸುತ್ತೇನೆ. ಹೆರಿಗೆ ಆಸ್ಪತ್ರೆಯ ಫಾರ್ಮ್ ಮಾತ್ರ ಇವತ್ತೇ ತುಂಬು.